ನೋಡೀನಿ, ಮುಚ್ರಿ

ಫೋರ್ಮನ್ ಮಾಮ ತೀರಿಕೊಂಡು ಒಂದು ತಿಂಗಳಾಯಿತು. ನನಗಿನ್ನೂ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಸತ್ತವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅಂತ ಅಮ್ಮ ಹೇಳುತ್ತಾಳೆ. ಬದುಕಿದ್ದಾಗ ಮಾಡಿಕೊಂಡಿದ್ದನ್ನು ಎಲ್ಲಿ ಇಳಿಸಲಿ ಅಂತ ಹೇಳುವುದಿಲ್ಲ.

ಹರಿಹರದ ಒಂದು ಕಾರ್ಖಾನೆಯಲ್ಲಿ ಅವರು ಎಲೆಕ್ಟ್ರಿಕಲ್ ಫೋರ್ಮನ್ ಆಗಿದ್ದರು. ನಿವೃತ್ತಿಯಾದ ಮೇಲೆ ಶಾಮನೂರಿನ ಆಚೆ, ಮೆಕ್ಕೆಜೋಳದ ಹೊಲಗಳೆಲ್ಲ ಸೈಟುಗಳಾಗುತ್ತಿದ್ದ ಕಾಲದಲ್ಲಿ ಮೂವತ್ತು–ನಲವತ್ತರ ಒಂದು ಸೈಟು ಹಿಡಿದು ಮನೆ ಕಟ್ಟಿದರು. ಎಲ್ಲರೂ ಮೊದಲು ಬುನಾದಿಗೆ ಪೂಜೆ ಮಾಡಿದರೆ ಇವರು ಮೊದಲು ಸೈಟಿನ ಮೂಲೆಯಲ್ಲಿ ಆಳದ ಗುಂಡಿ ತೋಡಿಸಿದರು. ದಾರಿಯಲ್ಲಿ ಹೋಗುವವರು ಬಗ್ಗಿ ನೋಡಿ, "ಏನ್ರೀ, ನಿಧಿ ಸಿಕ್ತಾ?" ಅಂತ ನಗುತ್ತಿದ್ದರು. ಅದು ಅರ್ಥಿಂಗ್ ಗುಂಡಿ. ಗುಂಡಿಯೊಳಗೆ ಲೋಹದ ಪೈಪು ನಿಲ್ಲಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿ, ಮನೆಯ ಪ್ರತಿ ಪ್ಲಗ್ಗಿನಿಂದ ಬರುವ ಹಸಿರು ತಂತಿಯನ್ನು ಆ ಪೈಪಿಗೆ ಬಿಗಿಯುತ್ತಾರೆ. ಫ್ರಿಜ್ಜೋ, ಗೀಸರೋ ಕೆಟ್ಟು ಅದರ ಮೈಗೆ ಕರೆಂಟು ಬಂದರೆ, ಆ ಕರೆಂಟು ಮನುಷ್ಯನನ್ನು ಹುಡುಕಿಕೊಂಡು ಬರದೆ ನೆಲಕ್ಕೆ ಇಳಿದುಹೋಗಲಿ ಅಂತ. ಇಷ್ಟೇ. ಇದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಯಾರಿಗೂ ಬೇಡ.

ನಮ್ಮ ಬಡಾವಣೆಯ ಜನ ಮನೆ ಕಟ್ಟುವುದನ್ನು ನೀವು ನೋಡಬೇಕು. ಗೇಟಿಗೆ ಸಿಂಹದ ಮುಖ. ಹಾಲಿನ ಚಾವಣಿಗೆ ಪಿಒಪಿಯ ಹೂವು, ಹೂವಿನೊಳಗೆ ಬಣ್ಣದ ದೀಪ. ಮುಂಭಾಗಕ್ಕೆ ಮದುವೆ ಛತ್ರದ ಥರ ಟೈಲ್ಸು. ಸಾಲ ಮಂಜೂರಾದ ದಿನದಿಂದ ಗಂಡ ಹೆಂಡತಿ ಕೂತು ಎದುರು ಮನೆಗಿಂತ ನಮ್ಮ ಗೇಟು ಎಷ್ಟು ಎತ್ತರ ಇರಬೇಕು ಅಂತ ಮಾತಾಡುತ್ತಾರೆ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕೊಯ್ಯುವುದು ಗೋಡೆಯೊಳಗೆ ಹೋಗುವುದನ್ನು. ತಂತಿ ತೆಳುವಾಗುತ್ತದೆ, ಪೈಪು ಅಗ್ಗವಾಗುತ್ತದೆ, ಗುಂಡಿ ಮೊಣಕಾಲುದ್ದಕ್ಕೆ ನಿಲ್ಲುತ್ತದೆ. ಸಿಂಹದ ಮುಖ ಮಾತ್ರ ಹಾಗೇ ಇರುತ್ತದೆ.

ಮಾಮನ ಮನೆ ತದ್ವಿರುದ್ಧ. ಗೋಡೆಯೊಳಗೆ ಕಾರ್ಖಾನೆಗೆ ಹಾಕುವಂಥ ದಪ್ಪ ತಂತಿ, ಹೊರಗೆ ಬರೀ ಸಿಮೆಂಟು. ಎರಡು ವರ್ಷ ಬಣ್ಣವಿಲ್ಲ. ಅವರ ಹೆಂಡತಿಯನ್ನು ನಾವು ಅತ್ತೆ ಅನ್ನುತ್ತಿದ್ದೆವು. ಅತ್ತೆ ಒಮ್ಮೆ ಎಲ್ಲರ ಎದುರೇ ಕೇಳಿದರು:

"ಮನೀಗೆ ಬಂದೋರು ಗ್ವಾಡೆ ಒಳಗಿನ ತಂತಿ ನೋಡ್ತಾರೇನ್ರೀ? ಗ್ವಾಡೆ ನೋಡ್ತಾರೆ."

"ಗ್ವಾಡೆ ನೋಡಕ್ಕೆ ಬರೋರಿಗೆ ಹೊರಗೇ ಚಾ ಕೊಟ್ ಕಳ್ಸು," ಅಂದರು ಮಾಮ.

ಬಡಾವಣೆಯಲ್ಲಿ ಯಾರು ಮನೆ ಕಟ್ಟಿದರೂ ಮಾಮ ತಾವಾಗಿಯೇ ಹೋಗಿ ಒಂದೇ ಮಾತು ಹೇಳಿಬರುತ್ತಿದ್ದರು: ಏನೇ ಮುಚ್ಚುವ ಮುಂಚೆ ನನ್ನನ್ನು ಕರೆಯಿರಿ. ಗುಂಡಿಯಾಗಲಿ, ಗೋಡೆಯ ಪೈಪಾಗಲಿ, ಕಾಂಕ್ರೀಟಿಗೆ ಮುಂಚೆ ಚಾವಣಿಯಲ್ಲಿ ಕೂರಿಸುವ ಫ್ಯಾನಿನ ಡಬ್ಬಿಗಳಾಗಲಿ. ಕರೆದರೆ ಹಳೆಯ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಒಂದು ಕೈ ಒಳಗೆ ಇಳಿಸಿ ಮಣ್ಣನ್ನು ಹಿಸುಕಿ ನೋಡುತ್ತಿದ್ದರು. ಚಹಾ ಕೊಟ್ಟರೆ ನೋಡಿಯಾದ ಮೇಲೆ. ದುಡ್ಡು ಕೊಟ್ಟರೆ ಬೈಗುಳ. ಎಲ್ಲ ಸರಿ ಅನ್ನಿಸಿದರೆ ಎದ್ದು, ಪಂಚೆ ಕೊಡವಿಕೊಂಡು, "ನೋಡೀನಿ, ಮುಚ್ರಿ" ಅನ್ನುತ್ತಿದ್ದರು. ಗಾರೆಯವರು ಆ ಮಾತಿಗೆ ಮುಹೂರ್ತಕ್ಕೆ ಕಾದಂತೆ ಕಾಯುತ್ತಿದ್ದರು. ಮನೆಯವರು ಅದನ್ನು ನೆಂಟರಿಗೆ ಹೇಳಿಕೊಳ್ಳುತ್ತಿದ್ದರು: ನಮ್ಮ ಮನೆ ಫೋರ್ಮನ್ ಮಾಮ ನೋಡಿದ್ದು ಅಂತ.

ಮನೆ ಅಂತಲ್ಲ, ಜನ ಎಲ್ಲದಕ್ಕೂ ಅವರನ್ನು ಕೇಳುತ್ತಿದ್ದರು. ಅವರು ಎಲ್ಲದಕ್ಕೂ ತಂತಿಯ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದರು. ಎರಡನೇ ಸಾಲಿನ ಶಾಲಾ ಮೇಷ್ಟ್ರು ಒಮ್ಮೆ ಬಂದು, "ಮಾಮ, ಮ್ಯಾಲೊಂದು ಮನೆ ಎತ್ಬೇಕು ಅಂತೈತೆ, ಬಾಡಿಗಿ ಬರ್ತದೆ. ಲೋನ್ ತಗಳ್ಲಾ, ಬ್ಯಾಡ್ವಾ?" ಅಂದರು.

"ಮ್ಯಾಲಿನೋರು ಗೀಸರ್ ಹಾಕ್ತಾರೆ, ಎಸಿ ಹಾಕ್ತಾರೆ. ನಿನ್ನ ಕೆಳಗಿನ ತಂತಿ ತಡಿತದಾ?"

"ನಾನು ಲೋನ್ ಬಗ್ಗೆ ಕೇಳ್ದೆ ಮಾಮ."

"ನಾನೂ ಅದನ್ನೇ ಹೇಳ್ದೆ."

ಡಿಪ್ಲೊಮಾ ಎರಡನೇ ವರ್ಷಕ್ಕೇ ಬಿಟ್ಟು ಮನೆಯಲ್ಲಿ ಕೂತಿದ್ದ ನಾನು ಅವರ ಕೈಗೆ ಸಿಕ್ಕಿದ್ದೂ ಹೀಗೇ. ಫೋನಿನಲ್ಲಿ ವಿಡಿಯೋ ನೋಡಿ ನೋಡಿ ವೈರಿಂಗ್ ಕಲಿತಿದ್ದೆ. ಹಗಲು ರಾತ್ರಿ ಅದೇ ಹುಚ್ಚು. ನಮ್ಮ ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಎರಡೆರಡು ಸಲ ಬಿಚ್ಚಿ ಕಟ್ಟಿದ್ದೆ. ಅಮ್ಮ ಒಂದು ಫೈನಾನ್ಸ್ ಕಂಪನಿಯಲ್ಲಿ ವಸೂಲಿ ಕೆಲಸ ಹಿಡಿದುಕೊಟ್ಟು, ಹೋಗು ಅಂತ ಹಟ ಹಿಡಿದಿದ್ದಳು. ಮಾಮನನ್ನೇ ಕೇಳೋಣ ಅಂತ ಕರೆದುಕೊಂಡು ಹೋದಳು. ನಾನು ಉತ್ಸಾಹದಿಂದ ಫೋನು ತೆಗೆದು ವಿಡಿಯೋ ತೋರಿಸಹೋದೆ.

"ಆ ಫೋನಿನೊಳಗಿನ ಮನುಷ್ಯಗೆ ಕರೆಂಟ್ ಹೊಡಿಯಲ್ಲ. ಹೊಡಿಯೋದು ನಿಂಗೆ. ಬಂದ್ ಮಾಡು," ಅಂದರು ಮಾಮ. ಆಮೇಲೆ ಅಮ್ಮನಿಗೆ, "ಇವ ಬಾಗ್ಲು ಬಡಿಯೋ ಹುಡ್ಗ ಅಲ್ಲವ್ವಾ. ಗುಂಡಿ ತೋಡೋ ಹುಡ್ಗ. ನನ್ ಹತ್ರ ಬಿಡು."

"ಗುಂಡಿ ತೋಡಕ್ಕೆ ನಾನು ಇವನ್ನ ಡಿಪ್ಲೊಮಾಕ್ಕೆ ಹಾಕಿದ್ನಾ?" ಅಂತ ಅಮ್ಮ ದಾರಿಯುದ್ದಕ್ಕೂ ಬೈದಳು. ಆದರೂ ಬಿಟ್ಟಳು. ಮೂರು ತಿಂಗಳು ನಿಜವಾಗಿಯೂ ಬರೀ ಗುಂಡಿ ತೋಡಿದೆ. ಕೈ ಬೊಬ್ಬೆ ಎದ್ದಿತು. ತಂತಿ ಮುಟ್ಟಲು ಬಿಡಲಿಲ್ಲ. "ಕೆಳಗಿಂದು ಗೊತ್ತಾಗದೆ ಮ್ಯಾಲಿಂದು ಮುಟ್ಟೋನು ಆಟಗಾರ, ಕೆಲಸಗಾರ ಅಲ್ಲ."

ಒಂದು ಮಧ್ಯಾಹ್ನ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಹರಿಹರಕ್ಕೆ ಹೋದರು. ಅವರು ಸಂಸಾರ ಮಾಡಿದ್ದ ಹಳೆಯ ಕ್ವಾರ್ಟರ್ಸು ಈಗ ಖಾಲಿ. ಬಾಗಿಲು, ಕಿಟಕಿ ಇಲ್ಲ, ಕರೆಂಟು ಕಿತ್ತು ಎಷ್ಟೋ ವರ್ಷವಾಗಿದೆ. ಮಾಮ ಹಿತ್ತಲಿಗೆ ಹೋಗಿ, ಹುಲ್ಲು ಸರಿಸಿ, ತಾವು ಹಾಕಿದ್ದ ಗುಂಡಿಯ ಬಾಯಿ ಹುಡುಕಿ, ನನ್ನ ಬಾಟಲಿಯ ನೀರನ್ನೆಲ್ಲ ಅದಕ್ಕೆ ಸುರಿದರು. ಕಾವಲುಗಾರ ಓಡಿ ಬಂದು, "ಯಾರ್ರೀ ನೀವು? ಏನ್ ಹೂಳ್ತಾ ಇದೀರಿ?" ಅಂತ ಕೂಗಾಡಿದ. "ಹೂಳೋದು ಮುಗಿದೈತೆ, ನೀರ್ ಹಾಕ್ತಾ ಇದೀನಿ," ಅಂದರು. ಉಪ್ಪು, ಇದ್ದಿಲು ಒಣಗಿದರೆ ಗುಂಡಿ ಸತ್ತಂತೆ, ಅದಕ್ಕೇ. ವಾಪಸು ಬರುವಾಗ ಸೇತುವೆಯ ಮೇಲೆ ನಾನು ನಗು ತಡೆಯಲಾಗದೆ, ಯಾರಿಗೋಸ್ಕರ ಮಾಮ ನೀರು ಅಂತ ಕೇಳಿದೆ. ಮಾಮ ಮೊಪೆಡ್ಡಿನ ವೇಗ ಹೆಚ್ಚಿಸಿದರು. ಅವತ್ತು ನನಗೆ ಈ ಮನುಷ್ಯ ಏನು ಹೇಳಿದರೂ ನಂಬಬೇಕು ಅನ್ನಿಸಿತು. ಅದೇ ನಾನು ಮಾಡಿದ ತಪ್ಪು.

ಈಗ ಮೂಲೆ ಮನೆಗೆ ಬರುತ್ತೇನೆ. ಅದರ ಯಜಮಾನರು ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟು. ನಾವು ಸಾಹೇಬರು ಅನ್ನುತ್ತೇವೆ. ಅವರ ಮನೆ ಕಟ್ಟುವಾಗ ಮಾಮ ನನಗೆ ಮೊದಲ ಸಲ ಪೂರ್ತಿ ಮನೆಯ ವೈರಿಂಗ್ ಕೊಡಿಸಿದರು. ಗುಂಡಿಯ ಜಾಗವನ್ನು ತಾವೇ ಗೆರೆ ಎಳೆದು ತೋರಿಸಿದರು. ಈಶಾನ್ಯದ ಮೂಲೆ, ಪಕ್ಕದಲ್ಲೇ ಸಂಪು, ಮಣ್ಣು ಸದಾ ತೇವ. "ತೋಡಿ, ತುಂಬಿಡು. ನಾ ಬಂದು ನೋಡಿದ್ಮೇಲೆ ಮುಚ್ಚು," ಅಂತ ಹೇಳಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹರಿಹರದ ತಮ್ಮನ ಮನೆಗೆ ಹೋದರು. ಹತ್ತು ದಿನ.

ನಾನು ತೋಡಿದೆ, ತುಂಬಿದೆ. ಮೂರನೇ ದಿನ ಸಾಹೇಬರು ವಾಸ್ತು ನೋಡುವವರನ್ನು ಕರೆಸಿದರು. ಆತ ಗುಂಡಿ ನೋಡಿ ತಲೆ ಹಿಡಿದುಕೊಂಡ.

"ಈಶಾನ್ಯದಾಗೆ ಉಪ್ಪು, ಇದ್ದಿಲಾ? ದೇವರ ಮೂಲೆಗೆ ಮಸಿ ಬಳ್ದಂಗೆ ಆತಲ್ರೀ. ಯಜಮಾನ್ರಿಗೆ ಏಳಿಗೆ ಹೆಂಗಾಗ್ತದೆ?"

ಸಾಹೇಬರಿಗೆ ಬಡ್ತಿ ಬರುವುದಿತ್ತು. ಮುಗಿಯಿತು. ಮಧ್ಯಾಹ್ನದೊಳಗೆ ಗಾರೆಯವನು ಪೈಪು ಕಿತ್ತು, ಗುಂಡಿಗೆ ಇಟ್ಟಿಗೆ ಚೂರು ತುಂಬಿದ. ಅದರ ಮೇಲೆ ಗ್ರಾನೈಟಿನ ತುಳಸಿ ಕಟ್ಟೆ ಎದ್ದಿತು. ಹಸಿರು ತಂತಿ ನನ್ನ ಕೈಯಲ್ಲೇ ಉಳಿಯಿತು.

"ಅದನ್ನ ಎಲ್ಲಿಗಾದ್ರೂ ಕಟ್ಟಪಾ," ಅಂದರು ಸಾಹೇಬರು. "ಅದೋ, ಬೋರಿನ ಪೈಪ್ ಐತಲ್ಲ. ಅದೂ ಭೂಮಿಗೇ ಹೋಗೈತೆ."

"ಮಾಮ ಬರ್ಲಿ ಸಾರ್."

"ಮಾಮ ಬರೋದ್ರೊಳಗೆ ಗೃಹಪ್ರವೇಶ ಮುಗೀತದೆ. ಸದ್ಯಕ್ಕೆ ಕಟ್ಟು. ಆಮ್ಯಾಲೆ ಸರಿ ಮಾಡಿದ್ರಾತು."

ಆ ಪೈಪು ನೆಲದ ಮೇಲೆ ಮೊಳದುದ್ದ ಮಾತ್ರ ಕಬ್ಬಿಣ. ಕೆಳಗೆಲ್ಲ ಪ್ಲಾಸ್ಟಿಕ್ಕು. ಪ್ಲಾಸ್ಟಿಕ್ಕು ಕರೆಂಟನ್ನು ಇಳಿಸುವುದಿಲ್ಲ. ಅಷ್ಟೇ ಅಲ್ಲ, ಹಿತ್ತಲಿನ ಬಟ್ಟೆ ಒಗೆಯುವ ನಲ್ಲಿಯೂ ಅದೇ ಕಬ್ಬಿಣದ ತುಂಡಿಗೆ ಸೇರಿತ್ತು. ಮನೆಯೊಳಗೆ ಯಾವ ಮಷೀನಿನ ಮೈಗೆ ಕರೆಂಟು ಬಂದರೂ ಅದು ನೆಟ್ಟಗೆ ನಲ್ಲಿಗೆ ಬಂದು ಕೂರುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆ. ಮೊದಲ ಪೂರ್ತಿ ಮನೆ. ಎದುರು ಮಾತಾಡಿದರೆ ಇನ್ನೊಬ್ಬನನ್ನು ಕರೆಯುತ್ತಾರೆ ಅನ್ನುವ ಭಯ. ಸದ್ಯಕ್ಕೆ ತಾನೇ ಅಂದುಕೊಂಡೆ. ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್ಚೊಂದನ್ನು ಹಾಕಿದ್ದೆ. ಮಿಕ್ಸಿ ಹಚ್ಚಿದಾಗೆಲ್ಲ ಬೀಳುತ್ತೆ ಅಂತ ಗೃಹಪ್ರವೇಶದ ಹಿಂದಿನ ದಿನ ಅದನ್ನೂ ತೆಗೆಸಿದರು. ಯಾಕೆ ಬೀಳುತ್ತಿದೆ ಅಂತ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಗೃಹಪ್ರವೇಶದ ದಿನ ಮಾಮ ಕಪ್ಪು ಕನ್ನಡಕ ಹಾಕಿಕೊಂಡು ಹರಿಹರದಿಂದ ನೇರ ಬಂದರು. ಸಾಹೇಬರು ಅವರ ಕೈ ಹಿಡಿದು ಪಂಕ್ತಿಯಲ್ಲಿ ಕೂರಿಸಿ, ನೆಂಟರಿಗೆಲ್ಲ ಕೇಳುವಂತೆ, "ಇವರೇ ರೀ ನಮ್ ಫೋರ್ಮನ್ ಮಾಮ. ಈ ಮನಿ ಪೂರ್ತಿ ಇವರೇ ನೋಡಿದ್ದು," ಅಂದರು. ಮಾಮ ಕನ್ನಡಕ ತೆಗೆದು ಈಶಾನ್ಯದ ಮೂಲೆ ನೋಡಿದರು. ತುಳಸಿ ಕಟ್ಟೆ. ಆಮೇಲೆ ನನ್ನನ್ನು ನೋಡಿದರು. ನಾನು ಎಲೆಯ ಮೇಲಿನ ಹೋಳಿಗೆ ನೋಡಿದೆ.

"ನಾನು ನೋಡಿಲ್ಲ" ಅಂತ ಎರಡು ಪದ ಹೇಳಿದ್ದರೆ ಸಾಕಿತ್ತು. ಮಾಮ ಬಡಿಸುವವರ ಕಡೆ ತಿರುಗಿ, "ಹೋಳಿಗಿಗೆ ತುಪ್ಪ ಹಾಕ್ರಿ," ಅಂದರು.

ಒಂದು ವರ್ಷ ಏನೂ ಆಗಲಿಲ್ಲ. ಆಗದೇ ಇರುವುದೇ ಇಂಥ ತಪ್ಪಿನ ದೊಡ್ಡ ಮೋಸ.

ಹಾಲಮ್ಮ ಅಂತ ಒಬ್ಬಳು, ದಿನಾ ಬೆಳಗಿನ ಮೊದಲ ಬಸ್ಸಿಗೆ ಹದಡಿಯಿಂದ ಬಂದು ನಮ್ಮ ಸಾಲಿನ ಐದು ಮನೆಗಳಲ್ಲಿ ಪಾತ್ರೆ, ಬಟ್ಟೆ ಮಾಡುತ್ತಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಒಂದು ಬೆಳಗ್ಗೆ ಮೂಲೆ ಮನೆಯ ಹಿತ್ತಲಿನಲ್ಲಿ ಮಷೀನು ತಿರುಗುತ್ತಿರುವಾಗ ಕಾಲೊರೆಸು ತೊಳೆಯಲು ನಲ್ಲಿ ಹಿಡಿದಳು. ಬಿಡಲಾಗಲಿಲ್ಲ. ಅವಳ ಕೂಗು ನಮ್ಮ ಮನೆಗೆ ಕೇಳಿಸಿತು. ಸಾಹೇಬರ ಹೆಂಡತಿ ಓಡಿ ಮೇನ್ ಆರಿಸಿದ್ದರಿಂದ ಜೀವ ಉಳಿಯಿತು. ಬಲಗೈಯ ಎರಡು ಬೆರಳು ಸುಟ್ಟು ಕಪ್ಪಾಗಿದ್ದವು.

ಆಸ್ಪತ್ರೆಗೆ ಕಳಿಸಿದ ಮೇಲೂ ಹಿತ್ತಲಿನಲ್ಲಿ ಜನ ಕರಗಲಿಲ್ಲ. ಮಾಮನೂ ಬಂದರು. ಶಾಲಾ ಮೇಷ್ಟ್ರು ಕೇಳಿಯೇಬಿಟ್ಟರು: "ಮಾಮ, ಈ ಮನಿ ಗುಂಡಿ ನೀವು ನೋಡಿದ್ರಲ್ಲ?"

ಸಾಹೇಬರು ನಿಂತಿದ್ದರು. ನಾನು ನಿಂತಿದ್ದೆ.

"ನೋಡಿದ್ದೆ," ಅಂದರು ಮಾಮ. "ಎಲ್ಲಾ ಸರಿ ಇತ್ತು. ಮಷೀನ್ ಖರಾಬಾಗಿರ್ಬೇಕು."

ಮುಗಿಯಿತು. ಮಾಮ ನೋಡಿದ್ದರು ಅಂದ ಮೇಲೆ ಇನ್ನೇನು? ಸಾಹೇಬರು ಹೊಸ ಮಷೀನು ತಂದರು. ಹಾಲಮ್ಮನ ಮೊದಲ ದಿನದ ಆಸ್ಪತ್ರೆ ಖರ್ಚು ಕೊಟ್ಟು, ಯಾವತ್ತಿಂದ ಬರ್ತೀಯ ಅಂತ ಕೇಳಿ ಕಳಿಸಿದರು. ಮಷೀನು ಕೆಟ್ಟಿದ್ದು ನಿಜವೇ. ಆದರೆ ಮಷೀನುಗಳು ಎಲ್ಲರ ಮನೆಯಲ್ಲೂ ಕೆಡುತ್ತವೆ. ಅದು ಕೆಡುವ ದಿನಕ್ಕೇ ಅಲ್ಲವೇ ಗುಂಡಿ? ಹೊಸದೂ ಒಂದು ದಿನ ಕೆಡುತ್ತದೆ. ಆ ದಿನ ನಲ್ಲಿಯ ಮೇಲೆ ಹಾಲಮ್ಮನ ಕೈ ಇರುತ್ತದೆ. ಇದನ್ನು ತಡೆಯಲು ಇದ್ದದ್ದು ಒಂದೇ ದಾರಿ, ಗುಂಡಿ ತೋಡುವುದು. ತೋಡಲು ಅಡ್ಡ ಇದ್ದದ್ದು ಒಂದೇ, ಮಾಮನ ಮಾತು.

ಅವತ್ತು ಸಂಜೆಯೇ ಅವರ ಮನೆಗೆ ಹೋದೆ. ಅವರು ಟಿವಿ ನೋಡುತ್ತಿದ್ದರು.

"ಮಾಮ, ಅಲ್ಲಿ ಗುಂಡಿ ಇಲ್ಲ."

"ಗೊತ್ತು."

"ಗೊತ್ತಿದ್ದೂ ಯಾಕ ಹಂಗಂದ್ರಿ?"

"ಮತ್ತೇನು ನಿನ್ ಹೆಸರು ಹೇಳ್ಬೇಕಿತ್ತಾ? ವೈರಿಂಗ್ ಲೈಸೆನ್ಸ್ ಪರೀಕ್ಷೆ ಕಟ್ಟೀಯ. ಪೊಲೀಸು, ಗಿಲೀಸು ಅಂತ ಬಂದ್ರೆ ಏನ್ ಮಾಡ್ತಿದ್ದೆ?"

ನನ್ನ ಕಣ್ಣು ತುಂಬಿಬಂತು. ಒಂದು ಕ್ಷಣ ಈ ಮನುಷ್ಯ ದೇವರು ಅನ್ನಿಸಿತು. ಆಗ ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ಸುಳ್ಳು! ನಿನ್ ಸಲುವಾಗಿ ಅಲ್ಲಪಾ. ಈ ಲೇಔಟಿನಾಗೆ ತಮಗೆ ತೋರಿಸ್ದೆ ಒಂದು ಗುಂಡಿ ಮುಚ್ಯಾರೆ ಅಂತ ಒಪ್ಕಳಕ್ಕೆ ಇವರಿಗೆ ಆಗಲ್ಲ. ಗೃಹಪ್ರವೇಶದಿಂದ ಬಂದ ದಿನ ಊಟ ಬಿಟ್ಟು ಮಲಗಿದ್ರು. ಕೇಳು, ಸುಳ್ಳಾ ಅಂತ."

ಮಾಮ ರಿಮೋಟ್ ತಗೊಂಡು ಟಿವಿಯ ದನಿ ಜೋರು ಮಾಡಿದರು.

ಅಲ್ಲಿಂದ ಶುರುವಾಯಿತು ನನ್ನ ಸಿಟ್ಟು. ತಪ್ಪು ಮಾಡಿದವನ ಮೇಲೆ ಬರುವ ಸಿಟ್ಟಲ್ಲ ಅದು. ತಪ್ಪೇ ಮಾಡದವನು ಬರೀ ಜಂಬಕ್ಕೆ ತಪ್ಪನ್ನು ಎತ್ತಿಕೊಂಡು, ಅದರ ಮೇಲೆ ಕೂತುಬಿಟ್ಟರೆ ಬರುವ ಸಿಟ್ಟು. ಅವರಿಗೆ ಕಣ್ಣು ತಪ್ಪಿತು ಅನ್ನಿಸಿಕೊಳ್ಳುವುದು ಪರವಾಗಿರಲಿಲ್ಲ. ನನ್ನನ್ನು ಕರೆಯಲಿಲ್ಲ ಅಂತ ಹೇಳಿಕೊಳ್ಳುವುದು ಆಗುತ್ತಿರಲಿಲ್ಲ.

ಮಾರನೇ ದಿನ ಸಾಹೇಬರ ಹತ್ತಿರ ಹೋಗಿ, ನಾನೇ ಬಿಟ್ಟಿ ತೋಡಿಕೊಡುತ್ತೇನೆ ಸಾರ್ ಅಂದೆ. ಅವರು ಗೇಟಿನ ಸಿಂಹದ ತಲೆಯ ಮೇಲೆ ಕೈ ಇಟ್ಟುಕೊಂಡು ನಿಧಾನ ಹೇಳಿದರು:

"ಮಾಮನೇ ನೋಡೀನಿ ಅಂದ್ಮೇಲೆ ನೀನ್ಯಾವನೋ? ತಂತಿ ಕಟ್ಟಿದೋನು ಯಾರು ಅಂತ ನಾನು ಬಾಯಿ ಬಿಡ್ಲಾ?"

ನಾನು ಬಾಯಿ ಮುಚ್ಚಿಕೊಂಡು ಬಂದೆ.

ಇಪ್ಪತ್ತು ದಿನಕ್ಕೆ ಹಾಲಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಂದಳು. ಸಂಬಳ ಹಿಡಿದಿದ್ದರು, ಬರದೆ ಏನು ಮಾಡುತ್ತಾಳೆ? ಸಂಜೆ ಬಸ್‌ಸ್ಟಾಪಿನಲ್ಲಿ ಅವಳಿಗೆ ಕಾದು ನಿಂತೆ.

"ಹಾಲಮ್ಮಕ್ಕ, ಮೂಲೆ ಮನೆ ನಲ್ಲಿ ಮುಟ್ಬ್ಯಾಡ."

"ಯಾಕ? ಹೊಸ ಮಷೀನ್ ತಂದಾರಲ್ಲ."

"ಮಷೀನ್ ಹೊಸದು. ನೆಲಕ್ಕೆ ಹೋಗ್ಬೇಕಾದ ತಂತಿ ನೆಲಕ್ಕೆ ಹೋಗಿಲ್ಲ."

"ಫೋರ್ಮನ್ನೋರು ನೋಡೀನಿ ಅಂದ್ರಂತೆ?"

"ನೋಡಿಲ್ಲ."

"ನಿಂಗೆ ಹೆಂಗೆ ಗೊತ್ತು?"

"ಗೊತ್ತು."

ಅವಳು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಬಸ್ಸು ಬಂತು. ಮೆಟ್ಟಿಲು ಹತ್ತುತ್ತಾ, "ಮುಟ್ಬ್ಯಾಡ ಅಂತಾನೆ ನೋಡು. ಮುಟ್ದೆ ಬಟ್ಟೆ ಹೆಂಗೆ ಒಗೀಲಿ, ಬಾಯಾಗೆ ನೀರು ತುಂಬ್ಕಂಡು ಉಗುಳ್ಲಾ?" ಅಂದಳು.

ಮರುದಿನ ಬೆಳಗ್ಗೆ ಮೊದಲ ಬಸ್ಸಿಳಿದ ಮನೆಗೆಲಸದ ಹೆಂಗಸರು, ಏಳೆಂಟು ಜನ, ಯಾರ ಮನೆಗೂ ಹೋಗಲಿಲ್ಲ. ಮೂಲೆ ಮನೆಯ ಮುಂದಿನ ಮೋರಿ ಕಟ್ಟೆಯ ಮೇಲೆ ಸಾಲಾಗಿ ಕೂತರು. ಎಲೆ ಅಡಿಕೆ ತೆಗೆದರು. ಎಂಟು ಗಂಟೆಯ ಹೊತ್ತಿಗೆ ಮೂರು ರಸ್ತೆಯ ಸಿಂಕುಗಳು ತುಂಬಿ, ಗಂಡಸರೆಲ್ಲ ಬೀದಿಗೆ ಬಂದಿದ್ದರು. ಮಾಮ ಅಷ್ಟು ವರ್ಷ ಹೇಳಿ ಆಗದ್ದು ಒಂದು ಬೆಳಗಿನ ತೊಳೆಯದ ಪಾತ್ರೆಗಳಿಂದ ಆಯಿತು. ಎಲ್ಲರೂ ಅರ್ಥಿಂಗ್ ಅಂದರೇನು ಅಂತ ಕೇಳತೊಡಗಿದರು.

"ನೋಡೀನಿ ಅಂದೋರು ಬಂದು ನಲ್ಲಿ ಮುಟ್ಲಿ," ಅಂದಳು ಹಾಲಮ್ಮ. "ಆಮ್ಯಾಲೆ ನಾವು ಒಳಗೆ ಹೋಗ್ತೀವಿ."

ಮಾಮ ಬಂದರು. ಒಂದು ಹೋಲ್ಡರಿಗೆ ಬಲ್ಬು ಸಿಕ್ಕಿಸಿ, ಎರಡು ತಂತಿ ಬಿಟ್ಟ ಪರೀಕ್ಷೆಯ ದೀಪವನ್ನು ತಂದಿದ್ದರು. ಒಂದು ತಂತಿಯನ್ನು ಕರೆಂಟಿಗೆ ಕೊಟ್ಟು ಇನ್ನೊಂದನ್ನು ನಲ್ಲಿಗೆ ಹಿಡಿದರೆ, ಅರ್ಥಿಂಗ್ ಸರಿಯಿದ್ದ ಮನೆಯಲ್ಲಿ ಬಲ್ಬು ಪೂರ್ತಿ ಉರಿಯಬೇಕು. ಹಿಡಿದರು. ಉರಿಯಲಿಲ್ಲ.

"ಬಲ್ಬ್ ಹೋಗಿರ್ಬೇಕೇನೋ ಮಾಮ," ಅಂದರು ಸಾಹೇಬರ ಹೆಂಡತಿ.

ಮಾಮ ಬಲ್ಬನ್ನು ಮನೆಯೊಳಗಿನ ಪ್ಲಗ್ಗಿಗೆ ಹಿಡಿದರು. ಉರಿಯಿತು. ಮತ್ತೆ ನಲ್ಲಿಗೆ ಹಿಡಿದರು. ಕತ್ತಲೆ. ಕಾಂಪೌಂಡಿನ ಸುತ್ತ ಜನವೋ ಜನ. ಈಗ ಹೇಳುತ್ತಾರೆ, ಈಗ ಹೇಳಲೇಬೇಕು ಅಂದುಕೊಂಡೆ. ಮಾಮ ತಂತಿಯನ್ನು ನಿಧಾನವಾಗಿ ಮೊಣಕೈಗೆ ಸುತ್ತಿದರು. ಯಾರನ್ನೂ ನೋಡದೆ, "ಗುಂಡಿ ತೆಗೀರಿ," ಅಂತ ಹೇಳಿ ಮೊಪೆಡ್ ಹತ್ತಿದರು.

"ಅವತ್ತು ನೋಡಿದ್ರೋ ಇಲ್ವೋ, ಅದನ್ನ ಹೇಳಿ ಹೋಗ್ರೀ!" ಅಂತ ಹಾಲಮ್ಮ ಹಿಂದಿನಿಂದ ಕೂಗಿದಳು. ಅವರು ತಿರುಗಲಿಲ್ಲ.

ತುಳಸಿ ಕಟ್ಟೆ ಒಡೆಯಲು ಮನೆಯವರು ಬಿಡಲಿಲ್ಲ. ಹಿತ್ತಲಿನ ಇನ್ನೊಂದು ಮೂಲೆಯಲ್ಲಿ ಹೊಸ ಗುಂಡಿಯಾಯಿತು. ತೋಡಿದವನು ನಾನೇ. ಹಾಲಮ್ಮ ಪಕ್ಕದಲ್ಲೇ ನಿಂತು ಬಲ್ಬು ಉರಿಯುವುದನ್ನು ನೋಡಿದ ಮೇಲೆಯೇ ನಲ್ಲಿ ತಿರುಗಿಸಿದಳು. ಆ ವಾರ ಹೆಂಗಸರು ಪ್ರತಿ ಮನೆಯಲ್ಲೂ ಬಲ್ಬು ಹಚ್ಚಿ ತೋರಿಸು ಅಂತ ಹಟ ಹಿಡಿದರು. ನಮ್ಮ ಸಾಲಿನಲ್ಲೇ ಇನ್ನೂ ಮೂರು ಮನೆ ಕತ್ತಲೆ. ಮಾಮ ನಿಜವಾಗಿಯೂ ನೋಡಿದ್ದ ಮನೆಗಳೇ. ವರ್ಷಗಟ್ಟಲೆ ಒಂದು ಚೊಂಬು ನೀರು ಹಾಕದೆ ಒಣಗಿಸಿಕೊಂಡಿದ್ದರು. ಕೆಲಸವೆಲ್ಲ ನನಗೇ ಬಂತು. ಪರೀಕ್ಷೆಯೂ ಪಾಸಾಯಿತು. ಹತ್ತಿರದ ಕರೂರಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಕೆಲಸವೂ ಸಿಕ್ಕಿತು. ತಂತಿ ಕಟ್ಟಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಸಾಹೇಬರ ಮಾತೂ ಹೊರಗೆ ಬರುತ್ತಿತ್ತಲ್ಲ.

ಮಾಮನನ್ನು ಮಾತ್ರ ಆಮೇಲೆ ಯಾರೂ ಕರೆಯಲಿಲ್ಲ. ಇದು ನನಗೆ ಬಡಾವಣೆಯ ಮೇಲಿರುವ ಸಿಟ್ಟು. ಸುಳ್ಳು ಹೇಳಿದಾಗ ಇಡೀ ಬೀದಿ ನಂಬಿತು. ಗುಂಡಿ ತೆಗೀರಿ ಅಂತ ನಿಜ ಹೇಳಿದ ದಿನದಿಂದ ಬಿಟ್ಟುಬಿಟ್ಟಿತು. ಅವರು ಹೊಸ ಸೈಟುಗಳ ಮುಂದೆ ಮೊಪೆಡ್ ನಿಧಾನ ಮಾಡುತ್ತಿದ್ದರು. ಗಾರೆಯವರು ತಲೆ ಎತ್ತುತ್ತಿರಲಿಲ್ಲ. ಒಂದು ಮನೆಯಲ್ಲಿ ಅವರು ನೋಡುತ್ತಿದ್ದಂತೆಯೇ ಗುಂಡಿಗೆ ಮಣ್ಣು ಎಳೆದರು. ಅವತ್ತು ಫ್ಯಾಕ್ಟರಿಗೆ ರಜೆಯಿದ್ದು ಆ ಮನೆಯಲ್ಲಿ ಕೆಲಸ ಮಾಡುತ್ತಿದ್ದವನು ನಾನು. ಬರ್ರಿ ಮಾಮ, ನೋಡ್ರಿ ಅನ್ನಬಹುದಿತ್ತು. ಅನ್ನಲಿಲ್ಲ. ಒಂದು ಮಾತು ಹೇಳದ ಮನುಷ್ಯನಿಗೆ ನಾನ್ಯಾಕೆ ಹೇಳಲಿ ಅಂತ ಹಲ್ಲು ಕಚ್ಚಿ ಡ್ರಿಲ್ ಹಿಡಿದೆ. ಅದಾಗಿ ಕೆಲವೇ ವಾರಕ್ಕೆ ಹರಿಹರದಲ್ಲಿ, ತಮ್ಮನ ಮನೆಯಲ್ಲಿ, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಮೊನ್ನೆ ಭಾನುವಾರ ಬಡಾವಣೆಯ ಪಾರ್ಕಿನಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದರು. ಬಾಡಿಗೆ ಕುರ್ಚಿ, ಬಾಡಿಗೆ ಮೈಕು. ಸಾಹೇಬರೇ ಮೊದಲು ಎದ್ದು, "ಜೀವನದಲ್ಲಿ ಒಂದೇ ಒಂದು ತಪ್ಪು ಮಾಡದ ಮನುಷ್ಯ," ಅಂದರು. ಜನ ಚಪ್ಪಾಳೆ ತಟ್ಟಿದರು. ಅತ್ತೆ ಮುಂದಿನ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನನಗೆ ಕೂರಲಾಗಲಿಲ್ಲ. ಎದ್ದು ಹೊರಗೆ ಬಂದೆ. ಪಾರ್ಕಿನ ಪಕ್ಕದ ಮನೆಯ ಹಿತ್ತಲಿನಲ್ಲಿ ಹಾಲಮ್ಮ ಬಟ್ಟೆ ಒಗೆಯುತ್ತಿದ್ದಳು.

"ಏನಂತೆ ಮೈಕಿನಾಗೆ?"

"ಒಂದೂ ತಪ್ಪು ಮಾಡಿಲ್ವಂತೆ ಮಾಮ."

ಹಾಲಮ್ಮ ಸೀರೆಯೊಂದನ್ನು ಕಲ್ಲಿಗೆ ಎತ್ತಿ ಬಡಿದಳು. "ಬಂದಿದ್ರು ನಮ್ಮೂರಿಗೆ," ಅಂದಳು.

"ಯಾರು? ಹದಡಿಗಾ?"

"ಹೂಂ. ಮೊಪೆಡ್ಡಿಗೆ ಹಾರೆ ಕಟ್ಕಂಡು. ಮನಿ ಹಿಂದೆ ತಾವೇ ಗುಂಡಿ ತೋಡಿದ್ರು, ಹೊತ್ತು ಮುಳುಗಾತನ. ನಮ್ಮನೆಯೋರು ನಾ ತೋಡ್ತೀನಿ ಬಿಡ್ರಿ ಅಂದ್ರೂ ಹಾರೆ ಕೊಡ್ಲಿಲ್ಲ. ಒಂದು ಲೋಟ ನೀರು ಕುಡೀಲಿಲ್ಲ. ಬಲ್ಬ್ ಹಚ್ಚಿ ತೋರಿಸಿದ್ರು. ಝಗ್ ಅಂತ ಹತ್ತಿತು."

ನಾನು ಬಟ್ಟೆಯ ಕಲ್ಲಿನ ಹತ್ತಿರಕ್ಕೇ ಹೋದೆ. "ಏನಂದ್ರು?"

"ಏನಂತಾರೆ? ನೀರ್ ಹಾಕ್ತಿರು ಅಂದ್ರು, ಹೋದ್ರು." ಅವಳು ಸೀರೆಯನ್ನು ಹಿಂಡತೊಡಗಿದಳು. ಬಲಗೈಯ ಎರಡು ಬೆರಳು ಮಡಚಲಾಗದೆ ಹೊರಗೆ ಚಾಚಿಕೊಂಡಿದ್ದವು. "ಗುಂಡಿ ಯಾರು ಕೇಳಿದ್ರೋ? ಈ ಬೆರಳಿಗೆ ಬಿಸೀನೂ ಗೊತ್ತಾಗಲ್ಲ, ತಣ್ಣಂದೂ ಗೊತ್ತಾಗಲ್ಲ. ಅಷ್ಟು ದೂರ ಬಂದು, ಅಷ್ಟು ಆಳ ತೋಡಿ, ನನ್ನಿಂದ ತಪ್ಪಾತವ್ವಾ ಅಂತ ಒಂದ್ ಮಾತು ಅನ್ನಕ್ಕೆ ಆಗ್ಲಿಲ್ವಾ? ನಾಲಿಗೆ ಸವೀತಿತ್ತಾ?"

ನಾನು ತಲೆಯಾಡಿಸಿದೆ. ಅದೇ ಸಿಟ್ಟು, ಅದೇ ಮಾತು. ನನ್ನದೇ ಎದೆಯಿಂದ ತೆಗೆದು ಹೇಳಿದಂತಿತ್ತು.

"ಏನ್ ತಲೆ ಆಡಿಸ್ತೀಯ?" ಅಂದಳು ಹಾಲಮ್ಮ. "ನೀನು ಅಂದೀಯಾ? ತಂತಿ ಕಟ್ಟಿದೋನು ನೀನೇ ಅಲ್ಲಾ? ಬಸ್‌ಸ್ಟಾಪಿನಾಗೆ ನಿನ್ನ ಮಕ ನೋಡಿದಾಗ್ಲೇ ಗೊತ್ತಾತು ನಂಗೆ."

ಪಾರ್ಕಿನಲ್ಲಿ ಯಾರೋ ಎರಡು ನಿಮಿಷ ಮೌನ ಅಂತ ಹೇಳಿದರು. ಕುರ್ಚಿಗಳು ಸರಿದವು. ಎಲ್ಲ ನಿಶ್ಶಬ್ದವಾಯಿತು.

"ತಪ್ಪಾಯ್ತು ಹಾಲಮ್ಮಕ್ಕ," ಅಂದೆ.

"ಕೇಳಿಸ್ಲಿಲ್ಲ."

"ತಂತಿ ಕಟ್ಟಿದ್ದು ನಾನು. ಗೊತ್ತಿದ್ದೇ ಕಟ್ಟಿದೆ. ತಪ್ಪಾಯ್ತು!"

ಜೋರಾಗಿಯೇ ಅಂದಿರಬೇಕು. ಕಾಂಪೌಂಡಿನ ಆಚೆಯಿಂದ ಯಾರೋ ಸಿಡುಕಿ "ಶ್ಶ್" ಅಂದರು. ಹಾಲಮ್ಮ ಹಿಂಡಿದ ಸೀರೆಯನ್ನು ಒಮ್ಮೆ ಕೊಡವಿದಳು. ನೀರು ನನ್ನ ಮುಖಕ್ಕೆ ಸಿಡಿಯಿತು.

"ಹೂಂ," ಅಂದಳು. "ಆ ಬಕೀಟು ಇತ್ಲಾಗೆ ಕೊಡು."